ಹೊಸ ಜಮೀನು, ಹಳೇ ಟ್ರೀ ಸ್ಟ್ಯಾಂಡ್: ಹತ್ತಬಹುದಾ, ಕೀಳಬೇಕಾ?

ವಿಸ್ಕಾನ್ಸಿನ್ ವಾಸಿ:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಓಶ್‌ಕೋಶ್ ಹತ್ತಿರ ಮನೆ ತಗೊಂಡಿದ್ದೇವೆ. ಮನೆ ಹಿಂದೆ 14 ಎಕರೆ ಇದೆ. ಹೆಚ್ಚಿನದು ಕಾಡು. ಉಳಿದದ್ದರಲ್ಲಿ ಪಕ್ಕದ ರೈತರು ಮೆಕ್ಕೆಜೋಳ ಹಾಕಿದ್ದಾರೆ. ಹಿಂದಿನ ಮಾಲೀಕರಿಗೆ ಜಿಂಕೆ ಬೇಟೆಯ ಹುಚ್ಚು. ಹೋಗುವಾಗ ಮೂರು ಟ್ರೀ ಸ್ಟ್ಯಾಂಡ್, ಅಂದರೆ ಬೇಟೆಗೆ ಮರದ ಮೇಲೆ ಕಾದು ಕೂರುವ ಆಸನ, ಹಾಗೇ ಬಿಟ್ಟು ಹೋಗಿದ್ದಾರೆ. ಒಂದು ಏಣಿ ಇರುವ ಲ್ಯಾಡರ್ ಸ್ಟ್ಯಾಂಡ್, ಸುಮಾರು 15 ಅಡಿ ಎತ್ತರ. ಇನ್ನೊಂದು ಮರಕ್ಕೆ ನೇತುಹಾಕುವ ಹ್ಯಾಂಗ್ ಆನ್. ಕಾಲಿಡಲು ಕಬ್ಬಿಣದ ಜಾಲರಿ, ಕೂರಲು ಒಂದು ಸೀಟು, ಅಷ್ಟೇ. ಅದರ ಚೈನು ಅರ್ಧ ತೊಗಟೆಯೊಳಗೆ ಹೂತುಹೋಗಿದೆ. ಮೂರನೆಯದು ಓಕ್ ಮರದ ಕವಲಿನಲ್ಲಿ ಹಲಗೆಗೆ ಮೊಳೆ ಹೊಡೆದು ಮಾಡಿದ ಅಟ್ಟಣೆ. ನಮ್ಮ ಸಕಲೇಶಪುರದ ಕಡೆ ಹಂದಿ ಕಾಯಲು ಕಟ್ಟುತ್ತಿದ್ದರಲ್ಲ, ಥೇಟ್ ಹಾಗೇ ಇದೆ.

ನಾನು ಬೇಟೆ ಆಡುವವನಲ್ಲ. ಕ್ಯಾಮೆರಾ ಹಿಡಿದು ಮೇಲೆ ಕೂತರೆ ಜಿಂಕೆ, ಟರ್ಕಿ ಕೋಳಿ ಫೋಟೋ ಸಿಗುತ್ತದಲ್ಲ ಎಂಬ ಆಸೆ. ಮಗನಿಗೆ 13 ವರ್ಷ, ಅವನಂತೂ ಈಗಲೇ ಹತ್ತಲು ತುದಿಗಾಲಲ್ಲಿ ನಿಂತಿದ್ದಾನೆ. ಇದರ ಜೊತೆ ಪಕ್ಕದ ಮನೆಯ ಹಿರಿಯರೊಬ್ಬರು ಬಂದು, "ಮೊದಲಿನಿಂದಲೂ ಇಲ್ಲೇ ಬೇಟೆ ಆಡುತ್ತಿದ್ದೆ, ಈ ವರ್ಷವೂ ಕೂರಬಹುದಾ?" ಎಂದು ಕೇಳಿದರು. ಬಿಲ್ಲು ಬಾಣದ ಸೀಸನ್ ಸೆಪ್ಟೆಂಬರ್ ಮಧ್ಯಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಉತ್ತರ ಕೊಡಬೇಕು. ಈ ಸ್ಟ್ಯಾಂಡ್‌ಗಳನ್ನು ನಂಬಬಹುದಾ? ನೋಡಲು ಗಟ್ಟಿಯಾಗೇ ಇವೆ.

ಸುಮ್ನೆ ಓದೋನು:

ಲ್ಯಾಡರ್ ಸ್ಟ್ಯಾಂಡ್‌ಗೇನು ಸರ್, ಕಬ್ಬಿಣದ ಏಣಿ ತಾನೇ? ಕೆಳಗಿನಿಂದ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಅಲ್ಲಾಡದಿದ್ದರೆ ಹತ್ತಿ. ಅಮೆರಿಕದಲ್ಲಿ ಎಲ್ಲದಕ್ಕೂ ಭಯ ಬೀಳಿಸುವವರು ಜಾಸ್ತಿ.

ಕೊಡಗಿನಿಂದ ಮಿಶಿಗನ್:

ಅಲ್ಲಾಡಿಸಿ ನೋಡಿ ಹತ್ತುವುದು ಬೇಡವೇ ಬೇಡ. ನಾನು ಇಲ್ಲಿ ಬಹಳ ವರ್ಷಗಳಿಂದ ಬಿಲ್ಲು, ಬಂದೂಕು ಎರಡರಲ್ಲೂ ಬೇಟೆ ಆಡುತ್ತಿದ್ದೇನೆ. ಯಾರೋ ಕಟ್ಟಿ ಬಿಟ್ಟುಹೋದ ಸ್ಟ್ಯಾಂಡ್ ಅಂದರೆ ನನಗೆ ಒಂದೇ ನಿಯಮ: ಅದನ್ನು ಪರೀಕ್ಷೆ ಮಾಡಲಿಕ್ಕೂ ಅದರ ಮೇಲೆ ಹತ್ತುವುದಿಲ್ಲ. ಪರೀಕ್ಷೆ ಮಾಡೋಣ ಅಂತ ಹತ್ತಿದಾಗಲೇ ಬೀಳುವುದು.

ಕೆಳಗೆ ನಿಂತು ನೋಡಿದರೆ ನಿಮಗೆ ಕಾಣುವುದು ಕಬ್ಬಿಣ. ಆ ಕಬ್ಬಿಣವನ್ನು ಮರಕ್ಕೆ ಹಿಡಿದಿರುವುದು ಮೇಲಿರುವ ಒಂದೆರಡು ಪಟ್ಟಿ. ಬಿಸಿಲು, ಹಿಮ, ಮಳೆ ಎಲ್ಲಾ ತಿಂದು ಅವು ಎಷ್ಟು ವರ್ಷದಿಂದ ಅಲ್ಲಿವೆಯೋ ನಿಮಗೆ ಗೊತ್ತಿಲ್ಲ. ಅಳಿಲು ಕಚ್ಚಿರುತ್ತದೆ. ನಮ್ಮ ಕಡೆ ಮುಳ್ಳುಹಂದಿಯೂ ಕಚ್ಚುತ್ತದೆ, ಮನುಷ್ಯರ ಬೆವರಿನ ಉಪ್ಪು ಅದಕ್ಕೆ ಇಷ್ಟ. ಇನ್ನು ಸೀಟಿನ ಅಡಿಯಲ್ಲಿ ಕಣಜದ ಗೂಡು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದು ತುಂಬಿ ತುಳುಕುತ್ತಿರುತ್ತದೆ. 15 ಅಡಿ ಮೇಲೆ ಮುಖಕ್ಕೆ ಕಣಜ ಹಾರಿದರೆ ಯಾರೇ ಆದರೂ ಕೈ ಬಿಡುತ್ತಾರೆ.

ನಿಮ್ಮ ಮೂರರಲ್ಲಿ ಹಲಗೆಯ ಅಟ್ಟಣೆ ಎಲ್ಲಕ್ಕಿಂತ ಕೆಟ್ಟದ್ದು. ಮರ ದಪ್ಪವಾಗುತ್ತಾ ಮೊಳೆಯನ್ನು ನುಂಗುತ್ತದೆ, ಹಲಗೆಯನ್ನು ಹೊರಗೆ ತಳ್ಳುತ್ತದೆ. ಮೊಳೆ ಹೊಡೆದ ಜಾಗದಲ್ಲೇ ನೀರು ನಿಂತು ಒಳಗೆ ಕೊಳೆಯುತ್ತದೆ. ಮೇಲ್ಮೈ ಒಣಗಿ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಪುಡಿ. ಕಾಂಡಕ್ಕೆ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿ ಹೊಡೆದಿದ್ದರೆ ಕೆಳಗಿನ ನಾಲ್ಕೈದನ್ನು ಇವತ್ತೇ ಕಿತ್ತುಹಾಕಿ. ಮಗನ ವಯಸ್ಸು ಹೇಳಿದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನೀವು ಬೇಡ ಅಂದರೂ ಫ್ರೆಂಡ್ಸ್ ಜೊತೆ ಹೋಗಿ ಹತ್ತುತ್ತಾನೆ.

ಒಂದು ಪ್ರಶ್ನೆ. ಲ್ಯಾಡರ್ ಸ್ಟ್ಯಾಂಡ್ ಇರುವುದು ಯಾವ ಮರಕ್ಕೆ?

ವಿಸ್ಕಾನ್ಸಿನ್ ವಾಸಿ:

ಥ್ಯಾಂಕ್ಸ್ ಅಣ್ಣ. ಅಡ್ಡಪಟ್ಟಿಗಳನ್ನು ನಾಳೆಯೇ ಕೀಳುತ್ತೇನೆ. ಮರ ಯಾವುದು ಅಂತ ಗೊತ್ತಿಲ್ಲ. ನೆಟ್ಟಗೆ ಎತ್ತರವಾಗಿದೆ. ತೊಗಟೆಯಲ್ಲಿ ವಜ್ರದ ಆಕಾರದ ಗೀರುಗಳಿವೆ. ಮೇಲ್ಗಡೆ ಅಲ್ಲಲ್ಲಿ ತೊಗಟೆ ಕಿತ್ತುಬಂದು ಬಿಳಿಚಿಕೊಂಡಿದೆ. ತುದಿಯಲ್ಲಿ ಎಲೆ ಕಡಿಮೆ.

ಕೊಡಗಿನಿಂದ ಮಿಶಿಗನ್:

ಅದನ್ನೇ ಅಂದುಕೊಂಡಿದ್ದೆ. ನೀವು ಹೇಳಿದ ಗುರುತು ನೋಡಿದರೆ ಅದು ಆಶ್ ಮರ, ಮತ್ತು ಸಾಯುತ್ತಿದೆ. ಹತ್ತಿರ ಹೋಗಿ ತೊಗಟೆ ಮೇಲೆ ಸಣ್ಣ ತೂತು ಇದೆಯಾ ನೋಡಿ, ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿ, ಒಂದು ಬದಿ ಚಪ್ಪಟೆಯಾಗಿ ಇರುತ್ತದೆ. ಇದ್ದರೆ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿಯ ಕೆಲಸ. ಏಷ್ಯಾದಿಂದ ಬಂದ ಕೀಟ. ಇದು ಅಮೆರಿಕದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಮಿಶಿಗನ್‌ನಲ್ಲೇ, 2002ರಲ್ಲಿ, ಡೆಟ್ರಾಯಿಟ್ ಹತ್ತಿರ. ನಿಮ್ಮ ವಿಸ್ಕಾನ್ಸಿನ್‌ಗೆ 2008ರಲ್ಲಿ ಕಾಲಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಕೋಟಿಗಟ್ಟಲೆ ಆಶ್ ಮರಗಳು ಸತ್ತಿವೆ. ಇದರ ಮರಿಹುಳುಗಳು ತೊಗಟೆಯ ಅಡಿಯಲ್ಲಿ ಹಾವಿನ ಹಾಗೆ ಸುರಂಗ ಕೊರೆದು ನೀರು, ಆಹಾರ ಹರಿಯುವ ದಾರಿಯನ್ನೇ ಕತ್ತರಿಸುತ್ತವೆ. ಆ ಹುಳ ತಿನ್ನಲು ಮರಕುಟಿಗ ತೊಗಟೆ ಕೆದಕುತ್ತದೆ. ನೀವು ನೋಡಿದ ಬಿಳಿಚಿದ ಜಾಗ ಅದೇ.

ಸ್ಟ್ಯಾಂಡ್ ಎಷ್ಟು ಹೊಸದಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಸತ್ತ ಆಶ್ ಬಹಳ ಬೇಗ ಒಣಗಿ ಪೆಡಸಾಗುತ್ತದೆ, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಮರ ಕಡಿಯುವುದೇ ಕಸುಬಾಗಿರುವವರೂ ಸತ್ತ ಆಶ್ ಹತ್ತಲು ಒಪ್ಪುವುದಿಲ್ಲ, ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೇರಿಸುವ ಬಕೆಟ್ ಟ್ರಕ್ ತರುತ್ತಾರೆ. ಹಿಂದಿನ ಮಾಲೀಕರು ಸ್ಟ್ಯಾಂಡ್ ಹಾಕಿದಾಗ ಆ ಮರ ಚೆನ್ನಾಗೇ ಇದ್ದಿರಬೇಕು. ನೆಟ್ಟಗಿರುವ ಆಶ್ ಅಂದರೆ ಆಗ ಎಲ್ಲರಿಗೂ ಇಷ್ಟ. ಅದಕ್ಕೇ ಈ ಕಡೆಯ ಹಳೇ ಸ್ಟ್ಯಾಂಡ್‌ಗಳಲ್ಲಿ ಎಷ್ಟೋ ಈಗ ಸತ್ತ ಮರದ ಮೇಲಿವೆ.

ಬೋಲ್ಟು ನಟ್ಟು:

ಓಹಾಯೋದಿಂದ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್. ಅಣ್ಣ ಮರದ ಬಗ್ಗೆ ಹೇಳಿದರು, ನಾನು ಲೋಹ ಮತ್ತು ಪಟ್ಟಿ ಬಗ್ಗೆ ಹೇಳುತ್ತೇನೆ.

ರ‍್ಯಾಚೆಟ್ ಪಟ್ಟಿ ಅಂದರೆ ಸ್ಟ್ಯಾಂಡನ್ನು ಮರಕ್ಕೆ ಬಿಗಿಯುವ ಪ್ಲಾಸ್ಟಿಕ್ ದಾರದ ನೇಯ್ಗೆ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ನಿಧಾನಕ್ಕೆ ಸುಡುತ್ತದೆ. ಬಣ್ಣ ಮಾಸುವುದು, ನೂಲು ಎದ್ದು ಬರುವುದು, ಮಡಚಿದರೆ ಗಡುಸಾಗಿರುವುದು, ಇವೆಲ್ಲ ಕಣ್ಣಿಗೆ ಕಾಣುವ ಗುರುತು. ಆದರೆ ಚೆನ್ನಾಗಿ ಕಾಣುವ ಪಟ್ಟಿಯೂ ಅರ್ಧ ಶಕ್ತಿ ಕಳೆದುಕೊಂಡಿರಬಹುದು. ಮರವಂತೂ ಪ್ರತಿ ವರ್ಷ ದಪ್ಪವಾಗುತ್ತದೆ. ಬಿಗಿಯಾಗಿ ಕಟ್ಟಿದ ಪಟ್ಟಿಯನ್ನು ಒಳಗಿನಿಂದ ಎಳೆಯುತ್ತಲೇ ಇರುತ್ತದೆ. ನಿಮ್ಮ ಎರಡನೇ ಸ್ಟ್ಯಾಂಡಿನ ಚೈನು ತೊಗಟೆಯೊಳಗೆ ಹೂತಿದೆ ಅಂದಿರಲ್ಲ, ಆ ಚೈನಿನ ಹೂತ ಭಾಗ ಯಾವ ಸ್ಥಿತಿಯಲ್ಲಿದೆ ಅಂತ ಯಾರಿಗೂ ಕಾಣುವುದಿಲ್ಲ. ಅದನ್ನು ನಂಬುವ ಪ್ರಶ್ನೆಯೇ ಇಲ್ಲ.

ಹ್ಯಾಂಗ್ ಆನ್‌ಗಳಲ್ಲಿ ಇನ್ನೊಂದು ಮೋಸ ಇದೆ. ಕಾಲಿಡುವ ಜಾಲರಿಯನ್ನು ಎರಡು ಉಕ್ಕಿನ ಕೇಬಲ್ ಹಿಡಿದಿರುತ್ತವೆ. ಕೇಬಲ್ ಮೇಲೆ ಪ್ಲಾಸ್ಟಿಕ್ ಕವಚ. ತುದಿಯಲ್ಲಿ ನೀರು ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಹೊರಗೆ ನೋಡಿದರೆ ಕಪ್ಪಗೆ ನುಣ್ಣಗೆ ಹೊಸದರ ಹಾಗಿರುತ್ತದೆ, ಒಳಗೆ ತುಕ್ಕು.

"300 ಪೌಂಡ್ ತಡೆಯುತ್ತದೆ ಅಂತ ಸ್ಟಿಕ್ಕರ್ ಇದೆ" ಎನ್ನುವವರಿಗೆ: ಅದು ಸುಮಾರು 136 ಕಿಲೋ, ಅದೂ ಹೊಸದರಲ್ಲಿ. ಆ ಲೆಕ್ಕದಲ್ಲಿ ನಿಮ್ಮ ಚಳಿಗಾಲದ ಬಟ್ಟೆ, ಬೂಟು, ಬ್ಯಾಗು, ಕ್ಯಾಮೆರಾ ಎಲ್ಲವೂ ಸೇರುತ್ತದೆ.

ಸುಮ್ನೆ ಓದೋನು ಅವರೇ, 5 ಮೀಟರ್ ಮೇಲಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 36 ಕಿ.ಮೀ. ಬೀಳಲು ತಗಲುವ ಸಮಯ ಒಂದು ಸೆಕೆಂಡ್. ಕೊಂಬೆ ಹಿಡಿದುಕೊಳ್ಳುತ್ತೇನೆ ಅನ್ನುವುದು ಸಿನಿಮಾದಲ್ಲಿ ಮಾತ್ರ.

ಪಿಟ್ಸ್‌ಬರ್ಗ್ ನರ್ಸಕ್ಕ:

ನಾನು ಟ್ರಾಮಾ ವಾರ್ಡಿನಲ್ಲಿ ಕೆಲಸ ಮಾಡುವವಳು. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ ಬಂತು ಅಂದರೆ ನಮಗೆ ಟ್ರೀ ಸ್ಟ್ಯಾಂಡ್ ಸೀಸನ್. ಬೇಟೆಯಲ್ಲಿ ಗಾಯ ಅಂದರೆ ಜನ ಗುಂಡೇಟು ಅಂದುಕೊಳ್ಳುತ್ತಾರೆ. ಆಸ್ಪತ್ರೆಯವರನ್ನು ಕೇಳಿದರೆ ಮರದಿಂದ ಬಿದ್ದವರ ಕಥೆ ಹೇಳುತ್ತಾರೆ. ಇದು ಹೊಸ ವಿಷಯವೂ ಅಲ್ಲ. ಜಾರ್ಜಿಯಾದಲ್ಲಿ 1979ರಿಂದ 1989ರವರೆಗಿನ ಜಿಂಕೆ ಬೇಟೆಯ ಗಾಯಗಳನ್ನು ಎಣಿಸಿದಾಗಲೇ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಟ್ರೀ ಸ್ಟ್ಯಾಂಡಿಗೆ ಸಂಬಂಧಪಟ್ಟಿದ್ದವು.

ಬೆನ್ನುಮೂಳೆ ಒಡೆದಿರುತ್ತದೆ, ಹಿಮ್ಮಡಿ ಚೂರಾಗಿರುತ್ತದೆ, ಸೊಂಟ, ಮಣಿಕಟ್ಟು, ತಲೆ. ಕೆಲವರು ಮತ್ತೆ ನಡೆಯುವುದಿಲ್ಲ. ಬರುವವರು ಹೊಸಬರೇ ಅಂದುಕೊಳ್ಳಬೇಡಿ. ಬಹಳಷ್ಟು ಜನ ನಲವತ್ತು, ಐವತ್ತು ದಾಟಿದವರು, ಹುಡುಗರಾಗಿದ್ದಾಗಿನಿಂದ ಹತ್ತಿದವರು. "ಹಾರ್ನೆಸ್ (ಜಾರಿದರೆ ಹಿಡಿಯಲು ಮೈಗೆ ಕಟ್ಟುವ ಪಟ್ಟಿ) ಇತ್ತಾ?" ಅಂದರೆ, "ಇತ್ತು, ಮೇಲೆ ಹೋಗಿ ಸಿಕ್ಕಿಸಿಕೊಳ್ಳೋಣ ಅಂತಿದ್ದೆ" ಅನ್ನುತ್ತಾರೆ. ಕೂತಿರುವಾಗ ಬೀಳುವವರು ಇದ್ದಾರೆ, ನಿದ್ದೆ ಬಂದು. ಆದರೆ ಜಾಸ್ತಿ ಬೀಳುವುದು ಹತ್ತುವಾಗ, ಇಳಿಯುವಾಗ, ಏಣಿಯಿಂದ ಸ್ಟ್ಯಾಂಡಿಗೆ ಕಾಲು ಬದಲಿಸುವ ಆ ಒಂದು ಹೆಜ್ಜೆಯಲ್ಲಿ. ಬೆಳಗಿನ ಕತ್ತಲು, ಮೆಟ್ಟಿಲ ಮೇಲೆ ಮಂಜು, ದಪ್ಪ ಬೂಟು. ನೆಲದಿಂದಲೇ ಸಿಕ್ಕಿಸಿಕೊಂಡು ಹೋಗದಿದ್ದರೆ ಹಾರ್ನೆಸ್ ಹಾಕಿಯೂ ಉಪಯೋಗವಿಲ್ಲ.

ಹಳೇ ಸ್ಟ್ಯಾಂಡ್ ಜೊತೆ ಸೊಂಟಕ್ಕೆ ಅಥವಾ ಎದೆಗೆ ಮಾತ್ರ ಕಟ್ಟುವ ಬೆಲ್ಟ್ ಸಿಕ್ಕರೆ ದಯವಿಟ್ಟು ಬಳಸಬೇಡಿ. ಬಿದ್ದಾಗ ಅದು ಹೊಟ್ಟೆಯ ಮೇಲಿಂದ ಎದೆಗೆ ಜಾರಿ ಉಸಿರು ಕಟ್ಟಿಸುತ್ತದೆ, ಇಲ್ಲವೇ ತಲೆಕೆಳಗಾಗಿ ನೇತಾಡಿಸುತ್ತದೆ. ಭುಜ, ಎದೆ, ತೊಡೆ ಎಲ್ಲಾ ಹಿಡಿಯುವ ಫುಲ್ ಬಾಡಿ ಹಾರ್ನೆಸ್ಸೇ ಬೇಕು.

ತುಳಸಿಕಟ್ಟೆ:

ಮಾತಿನ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಮೂಕ ಪ್ರಾಣಿ ಕೊಲ್ಲಲು ಮರ ಹತ್ತಿ ಕೂರುವುದು, ಅದಕ್ಕೆ ಇಷ್ಟೆಲ್ಲ ಸುರಕ್ಷತೆಯ ಪಾಠ! ಪಕ್ಕದ ಮನೆಯವರಿಗೆ ಆಗಲ್ಲ ಅಂತ ಹೇಳಿಬಿಡಿ, ಮುಗಿಯಿತು.

ಕೊಡಗಿನಿಂದ ಮಿಶಿಗನ್:

ತಂಗಿ, ನಿಮ್ಮ ಭಾವನೆ ಅರ್ಥವಾಗುತ್ತದೆ. ಅವರ ಜಮೀನು, ಬೇಡ ಅನ್ನುವ ಹಕ್ಕು ಅವರಿಗಿದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಂದರೆ ಅಪರಾಧ. ಇಲ್ಲಿನ ವ್ಯವಸ್ಥೆ ಬೇರೆ. ಲೈಸೆನ್ಸು, ಸೀಸನ್ನು, ಎಷ್ಟು ಹೊಡೆಯಬಹುದು ಎಂಬ ಮಿತಿ ಎಲ್ಲಾ ಇದೆ. ಬಂದೂಕು, ಗುಂಡಿನ ಮೇಲಿನ ತೆರಿಗೆ 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಡಿ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಇದರ ಮೇಲೆ ವಾದ ಮಾಡಬೇಕಿದ್ದರೆ ಬೇರೆ ಚರ್ಚೆ ಶುರು ಮಾಡೋಣ, ನಾನೂ ಬರುತ್ತೇನೆ. ಇಲ್ಲಿ ಅವರು ಕೇಳಿದ್ದು ಮಗ ಬೀಳದ ಹಾಗೆ ಏನು ಮಾಡಬೇಕು ಅಂತ.

ಶಿರಸಿ ಸೀಮೆ:

ಊರಿನಲ್ಲಿ ಕೂತು ಓದುತ್ತಿದ್ದೇನೆ. ಜಿಂಕೆ ವಿಷಯ ನನಗೆ ಗೊತ್ತಿಲ್ಲ. ಆದರೆ ಮರದಿಂದ ಬೀಳುವ ವಿಷಯ ಅಡಿಕೆ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನರ್ಸಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡರು ಕಾಲಿಗೆ ತಳೆ ಹಾಕಿಕೊಂಡು ಸರಸರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವವರು. ಅಂಥ ಕೈ ಪಳಗಿದವರೇ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು. ಫೋಟೋ ತೆಗೆಯಲು ಮರ ಯಾಕೆ ಹತ್ತಬೇಕು ಸರ್? ನೆಲದ ಮೇಲೆ ಕೂರುವ ವ್ಯವಸ್ಥೆ ಅಲ್ಲಿ ಇಲ್ಲವೇ?

ಕೊಡಗಿನಿಂದ ಮಿಶಿಗನ್:

ಇದೆ, ಒಳ್ಳೆಯ ಪ್ರಶ್ನೆ. ಗ್ರೌಂಡ್ ಬ್ಲೈಂಡ್ ಅಂತ ಸಿಗುತ್ತದೆ, ಎಲೆಯ ಬಣ್ಣದ ಸಣ್ಣ ಟೆಂಟ್. ಒಳಗೆ ಕುರ್ಚಿ ಹಾಕಿ ಕಿಟಕಿಯಿಂದ ಲೆನ್ಸ್ ಹೊರಗಿಡಬಹುದು. ಬೇಟೆಗಾರರು ಮೇಲೆ ಕೂರುವುದು ಜಿಂಕೆಯ ಮೂಗು, ಕಣ್ಣಿನಿಂದ ತಪ್ಪಿಸಿಕೊಳ್ಳಲು, ದೂರ ಕಾಣಲು. ಫೋಟೋಗೆ ನೆಲವೇ ಚೆಂದ, ಜಿಂಕೆಯ ಕಣ್ಣಿನ ಮಟ್ಟದಲ್ಲಿ ಸಿಗುತ್ತದೆ. ಮೇಲಿಂದ ತೆಗೆದರೆ ಬರೀ ಬೆನ್ನು. ಗಾಳಿ ಜಿಂಕೆ ಕಡೆಯಿಂದ ನಿಮ್ಮ ಕಡೆಗೆ ಬೀಸುವ ಹಾಗೆ ಕೂರಿ, ಸಾಕು. ಬಂದೂಕಿನ ಸೀಸನ್ನಿನ ದಿನಗಳಲ್ಲಿ ಮಾತ್ರ ಕಾಡಿಗೆ ಹೋಗುವಾಗ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಮರೆಯಬೇಡಿ. ವಿಸ್ಕಾನ್ಸಿನ್‌ನಲ್ಲಿ ಅದು ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಇರುತ್ತದೆ. ಟೆಂಟ್ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟಿ.

ವಿಸ್ಕಾನ್ಸಿನ್ ವಾಸಿ:

ಗ್ರೌಂಡ್ ಬ್ಲೈಂಡ್ ಐಡಿಯಾ ತುಂಬಾ ಹಿಡಿಸಿತು, ಹೆಂಡತಿಗೆ ಇನ್ನೂ ಜಾಸ್ತಿ. ಹೋಗಿ ನೋಡಿದೆ, ಡಿ ಆಕಾರದ ತೂತುಗಳು ಬೇಕಾದಷ್ಟಿವೆ. ಆಶ್ ಮರವೇ. ಹಾಗಾದರೆ ಹಳೇ ಸ್ಟ್ಯಾಂಡ್‌ಗಳನ್ನು ಇಳಿಸುವುದು ಹೇಗೆ? ಪಕ್ಕದ ಮನೆಯ ಹಿರಿಯರಿಗೆ ಏನು ಹೇಳಲಿ? ಅವರು ಒಳ್ಳೆಯವರು, ಬೇಡ ಅನ್ನಲು ಮನಸ್ಸಿಲ್ಲ. ಆದರೆ ಅವರು ನನ್ನ ಜಮೀನಿನಲ್ಲಿ ಬಿದ್ದರೆ?

ಬೋಲ್ಟು ನಟ್ಟು:

ಆಶ್ ಮರದ್ದನ್ನು ನೀವು ಮುಟ್ಟಬೇಡಿ. ಮರ ಕಡಿಯುವವರನ್ನು ಕರೆಸಿ, ಹೇಗಿದ್ದರೂ ಆ ಮರ ಹೋಗಲೇಬೇಕು. ಬರುವ ಮೊದಲೇ ಅವರಿಗೆ "ಮರದಲ್ಲಿ ಕಬ್ಬಿಣ ಇದೆ" ಅಂತ ಹೇಳಿ. ಹಲಗೆ ಹೊಡೆದ ಓಕ್ ಮರಕ್ಕೂ ಇದೇ ಮಾತು. ಒಳಗೆ ಹೂತಿರುವ ಮೊಳೆ, ಚೈನಿಗೆ ಗರಗಸ ತಗುಲಿದರೆ ಚೈನ್‌ಸಾ ಹಿಮ್ಮೆಟ್ಟಿ ಮುಖಕ್ಕೆ ಬರಬಹುದು.

ಕೊಡಗಿನಿಂದ ಮಿಶಿಗನ್:

ಹ್ಯಾಂಗ್ ಆನ್ ಇರುವ ಮರ ಜೀವಂತವಾಗಿದ್ದರೆ ಅದನ್ನು ನೀವೇ ಇಳಿಸಬಹುದು, ಆದರೆ ಒಬ್ಬರೇ ಬೇಡ. ಹಳೇ ಮೆಟ್ಟಿಲು ಮುಟ್ಟದೆ ನಿಮ್ಮದೇ ಏಣಿ ಒರಗಿಸಿ ಕಟ್ಟಿ. ಹಾರ್ನೆಸ್ ಹಾಕಿಕೊಂಡು, ಲೈನ್‌ಮನ್ ಹಗ್ಗವನ್ನು ಕಾಂಡದ ಸುತ್ತ ಬಳಸಿ ಸೊಂಟದ ಎರಡೂ ಬದಿಗೆ ಸಿಕ್ಕಿಸಿಕೊಳ್ಳಿ. ಎರಡೂ ಕೈ ಖಾಲಿಯಾಗುತ್ತವೆ. ಸ್ಟ್ಯಾಂಡಿಗೆ ಬೇರೆ ಹಗ್ಗ ಕಟ್ಟಿ ಮೇಲಿನ ಗಟ್ಟಿ ಕೊಂಬೆಯ ಮೇಲಿಂದ ಕೆಳಗಿರುವವರ ಕೈಗೆ ಕೊಟ್ಟು, ಆಮೇಲೆ ಚೈನು ಕತ್ತರಿಸಿ. ಮರದೊಳಗೆ ಹೋದ ಭಾಗ ಅಲ್ಲೇ ಇರಲಿ. ಕೆಳಗೆ ನಿಂತವರು ಸ್ಟ್ಯಾಂಡಿನ ನೇರಕ್ಕೆ ನಿಲ್ಲಬಾರದು. ಇದನ್ನು ಓದುವಾಗಲೇ ಭಯವಾದರೆ ಅದಕ್ಕೂ ಮರದವರನ್ನೇ ಕರೆಸಿ, ಇದರಲ್ಲಿ ನಾಚಿಕೆ ಏನಿಲ್ಲ.

ಹಿರಿಯರಿಗೆ "ಬನ್ನಿ, ಆದರೆ ಹಳೇ ಸ್ಟ್ಯಾಂಡ್ ಇಲ್ಲ, ನಿಮ್ಮದೇ ಹೊಸದು ತನ್ನಿ" ಅನ್ನಿ. ಜೀವಂತ ಓಕ್ ಅಥವಾ ಮೇಪಲ್, ನೆಟ್ಟಗಿನ ಕಾಂಡ. ಸ್ಟ್ಯಾಂಡ್ ತಯಾರಕರ ಸಂಘ ಟಿಎಂಎ ಇದೆಯಲ್ಲ, ಅದರ ಮುದ್ರೆ ಇರುವ ಸ್ಟ್ಯಾಂಡ್ ಜೊತೆ ಹಾರ್ನೆಸ್ ಬಂದೇ ಬರುತ್ತದೆ. ಲೈಫ್‌ಲೈನ್ ಕಟ್ಟುವುದು ಷರತ್ತು ಅಂತ ಹೇಳಿ. ಇದು ಸ್ಟ್ಯಾಂಡಿನ ಮೇಲಿನ ಕಾಂಡದಿಂದ ಬುಡದವರೆಗೆ ಇಳಿಬಿಟ್ಟ ಹಗ್ಗ. ಅದರ ಮೇಲೆ ಪ್ರೂಸಿಕ್ ಗಂಟು ಇರುತ್ತದೆ. ನೆಲದಲ್ಲೇ ಹಾರ್ನೆಸ್ಸಿನ ಕೊಂಡಿ ಅದಕ್ಕೆ ಸಿಕ್ಕಿಸಿ, ಗಂಟನ್ನು ತಲೆಗಿಂತ ಮೇಲೆ ಜರುಗಿಸುತ್ತಾ ಹತ್ತಬೇಕು. ಕೈಯಲ್ಲಿ ಜರುಗಿಸಿದರೆ ಜರುಗುತ್ತದೆ, ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತಬಾರದು, ಮೇಲೆ ಕೂತಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಬಂದೂಕಾದರೆ ಗುಂಡು ತೆಗೆದು.

ಹೊಣೆ ವಿಷಯ: ವಿಸ್ಕಾನ್ಸಿನ್‌ನಲ್ಲಿ 895.52 ಎಂಬ ಕಾನೂನು ಇದೆ. ಬೇಟೆಯಂಥ ಮನರಂಜನೆಗೆ ಬಂದವರಿಗೆ ಗಾಯವಾದರೆ ಜಮೀನಿನವರಿಗೆ ಸಾಕಷ್ಟು ರಕ್ಷಣೆ ಕೊಡುತ್ತದೆ. ವರ್ಷಕ್ಕೆ 2,000 ಡಾಲರ್‌ಗಿಂತ ಜಾಸ್ತಿ ದುಡ್ಡು ತಗೊಂಡರೆ ಆ ರಕ್ಷಣೆ ಇರುವುದಿಲ್ಲ. ಬೇರೆ ವಿನಾಯಿತಿಗಳೂ ಇವೆ. ವಕೀಲರನ್ನೂ ಮನೆ ವಿಮೆಯವರನ್ನೂ ಒಂದು ಮಾತು ಕೇಳಿ. ಒಪ್ಪಿಗೆಯನ್ನು ಕಾಗದದಲ್ಲೇ ಕೊಡಿ.

ಸುಮ್ನೆ ಓದೋನು:

ಸರಿ, ಒಪ್ಪಿದೆ. ಒಂದು ಡೌಟು. ಹಾರ್ನೆಸ್ ಹಾಕಿ ಬಿದ್ದರೆ ನೇತಾಡುತ್ತಾ ಇರಬೇಕಲ್ವಾ? ಕಾಡಲ್ಲಿ ಯಾರು ಬಂದು ಇಳಿಸುತ್ತಾರೆ?

ಪಿಟ್ಸ್‌ಬರ್ಗ್ ನರ್ಸಕ್ಕ:

ಇದನ್ನು ಎಲ್ಲರೂ ಕೇಳಬೇಕು. ಅಲ್ಲಾಡದೆ ನೇತಾಡಿದರೆ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೇ ತಲೆ ಸುತ್ತಿ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಅದಕ್ಕೇ ಹಾರ್ನೆಸ್ ಜೊತೆ ಒಂದು ಕಾಲುಪಟ್ಟಿ ಕೊಡುತ್ತಾರೆ. ಅದನ್ನು ಕುಣಿಕೆ ಮಾಡಿ ಕಾಲಿಟ್ಟು ಎದ್ದು ನಿಂತರೆ ಒತ್ತಡ ಇಳಿಯುತ್ತದೆ. ಪಟ್ಟಿ ಇಲ್ಲದಿದ್ದರೆ ಕಾಂಡಕ್ಕೆ ಕಾಲೊತ್ತಿ, ಸೈಕಲ್ ತುಳಿದ ಹಾಗೆ ಆಡಿಸುತ್ತಿರಿ. ಮರಕ್ಕೆ ಕಟ್ಟುವ ಟೆದರ್ ಪಟ್ಟಿ ತಲೆಗಿಂತ ಮೇಲಿರಬೇಕು, ಕೂತಾಗ ಸಡಿಲ ಇರಬಾರದು. ಹಾಗಿದ್ದರೆ ಜಾರಿದರೂ ಒಂದಡಿ ಕೆಳಗೆ ನಿಲ್ಲುತ್ತೀರಿ, ಸ್ಟ್ಯಾಂಡ್ ಕೈಗೆ ಸಿಗುತ್ತದೆ. ಫೋನು, ಸಿಳ್ಳೆ ಎದೆಯ ಜೇಬಿನಲ್ಲಿರಲಿ, ಬ್ಯಾಗಿನಲ್ಲಲ್ಲ. ಯಾವ ಮರ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಬೇಕು.

ಇನ್ನೊಂದು. ಯಾರಾದರೂ ಬಿದ್ದಿದ್ದು ಕಂಡರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. 911ಕ್ಕೆ ಕರೆ ಮಾಡಿ, ಕುತ್ತಿಗೆ ಅಲ್ಲಾಡದ ಹಾಗೆ ನೋಡಿಕೊಂಡು, ಮೇಲೆ ಜಾಕೆಟ್ ಹೊದಿಸಿ ಕಾಯಿರಿ.

ವಿಸ್ಕಾನ್ಸಿನ್ ವಾಸಿ:

ಅಪ್‌ಡೇಟ್: ಹಿರಿಯರ ಜೊತೆ ಮಾತಾಡಿದೆ. ಬೇಜಾರಾಗುತ್ತದೇನೋ ಅಂದುಕೊಂಡಿದ್ದೆ, ನಕ್ಕರು. ಆ ಆಶ್ ಮರದ ಸ್ಟ್ಯಾಂಡಿಗೆ ಎರಡು ವರ್ಷದಿಂದ ಅವರೂ ಹತ್ತಿಲ್ಲವಂತೆ, ಹಿಂದಿನ ಮಾಲೀಕರಿಗೆ ಹೇಳಲು ಸಂಕೋಚವಾಗಿತ್ತಂತೆ! ತಮ್ಮದೇ ಸ್ಟ್ಯಾಂಡ್, ಲೈಫ್‌ಲೈನ್ ತರುತ್ತಾರೆ. ಸೀಸನ್ ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಮರದವರು ಮುಂದಿನ ವಾರ ಬರುತ್ತಾರೆ. ಮಗನ ಮುಖ ಊದಿಕೊಂಡಿದೆ, ಟೆಂಟಿನಲ್ಲಿ ಕೂರುವುದು ಚಿಕ್ಕ ಮಕ್ಕಳ ಆಟವಂತೆ.

ಕೊನೆಯ ಪ್ರಶ್ನೆ. ಗ್ಯಾರೇಜಿನಲ್ಲಿ ಎರಡು ಹಳೇ ಹಾರ್ನೆಸ್ ಸಿಕ್ಕಿವೆ. ಬಳಸಿದ ಗುರುತೇ ಇಲ್ಲ, ಪ್ಯಾಕೆಟ್ಟಿನಲ್ಲೇ ಇವೆ. ತಯಾರಾದ ವರ್ಷ 2011 ಅಂತಿದೆ. ಹಿರಿಯರಿಗೆ ಕೊಡಲಾ?

ಬೋಲ್ಟು ನಟ್ಟು:

ಬೇಡ. ಟಿಎಂಎ ಸಲಹೆಯ ಪ್ರಕಾರ ಹಾರ್ನೆಸ್ಸಿನ ಆಯಸ್ಸು ತಯಾರಾದ ದಿನದಿಂದ ಐದು ವರ್ಷ. ಪ್ಯಾಕೆಟ್ ತೆಗೆಯದಿದ್ದರೂ ಅಷ್ಟೇ. ಒಂದು ಸಲ ಅದರ ಮೇಲೆ ಬಿದ್ದಿದ್ದರೆ ಅವತ್ತೇ ಮುಗಿಯಿತು. ಕಸಕ್ಕೆ ಹಾಕುವ ಮೊದಲು ಪಟ್ಟಿಗಳನ್ನೆಲ್ಲ ಕತ್ತರಿಸಿ ಹಾಕಿ. ಹಾಗೇ ಎಸೆದರೆ ಪ್ಯಾಕೆಟ್ ನೋಡಿ ಹೊಸದು ಅಂತ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ.